ಏಕಚಕ್ರ ವಿದ್ಯುದ್ವಾಹನದಲ್ಲಿ ತೀವ್ರ ಕಂಪನ: ಕಾರಣನಿರ್ಣಯದ ಕ್ರಮ

ಒಂದೇ ಚಕ್ರದ ಎರಡು ಪಕ್ಕಗಳಲ್ಲಿರುವ ಪಾದಫಲಕಗಳ ಮೇಲೆ ನಿಂತು ಸವಾರಿ ಮಾಡುವ ವಿದ್ಯುದ್ವಾಹನವು ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರಿನ ಬೀದಿಗಳಲ್ಲಿಯೂ ಅಲ್ಲೊಂದು ಇಲ್ಲೊಂದು ಕಾಣಬರುತ್ತಿದೆ. ಇದರಲ್ಲಿ ತಲೆದೋರುವ ದೋಷಗಳ ಪೈಕಿ ಅತ್ಯಂತ ಭಯಂಕರವಾದುದು ಚಕ್ರವು ಇದ್ದಕ್ಕಿದ್ದಂತೆ ತೀವ್ರವಾಗಿ ನಡುಗತೊಡಗುವುದು. ನಾಲ್ಕು ಚಕ್ರಗಳ ವಾಹನದಲ್ಲಿ ಮೋಟಾರು ಸೋತರೆ ವಾಹನ ನಿಲ್ಲುವುದು, ಅಷ್ಟೆ. ಇಲ್ಲಿ ಮೋಟಾರು ಕ್ಷಣಮಾತ್ರ ಸೋತರೂ ಸವಾರನು ಮುಗ್ಗರಿಸಿ ಬೀಳುವನು. ನಡುಕವು ಅನೇಕ ವೇಳೆ ಅಂತಹ ಸೋಲಿನ ಮುನ್ಸೂಚನೆಯಾಗಿರುವುದರಿಂದ, ಅದರ ಕಾರಣವನ್ನು ಕ್ರಮವಾಗಿ ಗುರುತಿಸುವ ಬಗೆಯನ್ನು ಇಲ್ಲಿ ವಿವೇಚಿಸುವೆವು.

ನಗರದ ಪಶ್ಚಿಮ ಭಾಗದ ಕುರುಬರಹಳ್ಳಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅಲ್ಲಿಂದ ರಾಜಾಜಿನಗರದ ಕಡೆಗೆ ಹೊರಟ ಸವಾರನು ರಸ್ತೆಯ ಉಬ್ಬುಗಳನ್ನೂ, ಅಗೆದು ಮುಚ್ಚಿದ ತೇಪೆಗಳನ್ನೂ ದಾಟಬೇಕಾಗುವುದು. ಮಳೆಗಾಲದಲ್ಲಿ ಇದಕ್ಕೆ ನೀರಿನ ಉಪಟಳವೂ ಸೇರುವುದು. 2017ರ ಅಕ್ಟೋಬರಿನಲ್ಲಿ ಇಲ್ಲಿಯ ತಗ್ಗಿನಲ್ಲಿ ರಾಜಕಾಲುವೆ ಉಕ್ಕಿ ಪ್ರಾಣಹಾನಿಯೇ ಆಯಿತು. ಉಬ್ಬುಗಳು ತಿರುಪುಗಳನ್ನು ಸಡಿಲಿಸುವುವು. ಅಚ್ಚಿನವರೆಗೆ ನಿಂತ ನೀರು ತಂತಿಯ ರಂಧ್ರದ ಮೂಲಕ ಮೋಟಾರಿನೊಳಕ್ಕೆ ಇಳಿಯುವುದು. ಹೀಗಿರುವಾಗ ನಡುಕವು ರಸ್ತೆಯದೋ, ಚಕ್ರದ್ದೋ, ನಿಯಂತ್ರಕದ್ದೋ ಎಂಬ ಸಂಶಯವು ಸಹಜವಾದುದು.

ಯಂತ್ರದ ಕಾರ್ಯವಿಧಾನ ಸರಳವಾದುದು. ಗೈರೋಸ್ಕೋಪು ಮತ್ತು ವೇಗೋತ್ಕರ್ಷಮಾಪಕಗಳು ವಾಹನದ ಬಾಗುವಿಕೆಯನ್ನು ಪ್ರತಿಕ್ಷಣವೂ ಅಳೆಯುವುವು. ಸವಾರನು ಮುಂದಕ್ಕೆ ಬಾಗಿದೊಡನೆ ನಿಯಂತ್ರಕವು ಮೋಟಾರಿಗೆ ಹೆಚ್ಚು ವಿದ್ಯುತ್ತನ್ನು ಹರಿಸಿ, ಚಕ್ರವನ್ನು ಅವನ ಭಾರದ ಕೆಳಕ್ಕೆ ತರುವುದು. ಅಂಗೈಯ ಮೇಲೆ ಕೋಲನ್ನು ನಿಲ್ಲಿಸುವ ಹುಡುಗನ ಕೆಲಸವೂ ಇದೇ. ಅವನು ಕೈಯನ್ನು ಅಗತ್ಯಕ್ಕಿಂತ ಜೋರಾಗಿ, ಅಥವಾ ತುಸು ತಡವಾಗಿ ಆಡಿಸಿದರೆ, ಒಂದು ತಪ್ಪನ್ನು ತಿದ್ದಲು ಹೋಗಿ ಅದರ ಎದುರಿನ ತಪ್ಪನ್ನು ಮಾಡುವನು. ಕೋಲು ಹಿಂದುಮುಂದಾಗಿ ತೂಗಾಡುವುದು. ಉಗಿಯಂತ್ರದ ವೇಗನಿಯಾಮಕಗಳಲ್ಲಿ ಕಂಡುಬಂದ ಇಂತಹ ಅಸ್ಥಿರತೆಯನ್ನು ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ 1868ರಲ್ಲಿಯೇ ಗಣಿತದ ಮೂಲಕ ವಿವೇಚಿಸಿದ್ದನು.

ಕಾರಣನಿರ್ಣಯಕ್ಕೆ ಮುಖ್ಯ ಸಾಧನವೆಂದರೆ ನಡುಕವು ವೇಗದೊಡನೆ ಬದಲಾಗುವುದೇ ಎಂಬ ಪ್ರಶ್ನೆ. 16 ಅಂಗುಲ ವ್ಯಾಸದ ಟೈರಿನ ಸುತ್ತಳತೆ ಸುಮಾರು 1.28 ಮೀಟರು. ಗಂಟೆಗೆ 20 ಕಿಲೋಮೀಟರು ವೇಗದಲ್ಲಿ ಅದು ಸೆಕೆಂಡಿಗೆ ಸುಮಾರು 4.3 ಸುತ್ತು, 10 ಕಿಲೋಮೀಟರು ವೇಗದಲ್ಲಿ 2.2 ಸುತ್ತು ತಿರುಗುವುದು. ಟೈರು ರಿಮ್ಮಿನಲ್ಲಿ ಸರಿಯಾಗಿ ಕೂಡದಿದ್ದರೆ ಅಥವಾ ರಿಮ್ಮು ಡೊಂಕಾಗಿದ್ದರೆ ಸುತ್ತಿಗೊಂದು ಏಟಿನಂತೆ ನಡುಕ ಹುಟ್ಟಿ, ವೇಗ ಇಳಿದಂತೆ ಏಟುಗಳೂ ವಿರಳವಾಗುವುವು. ನಿಯಂತ್ರಣದ ದೋಷವಾದರೋ ಬೇರೆ ಬಗೆಯದು: ನಡುಕದ ಆವರ್ತಸಂಖ್ಯೆ ವೇಗವನ್ನು ಅಷ್ಟಾಗಿ ಅವಲಂಬಿಸದು, ಚಕ್ರವು ನಿಂತಲ್ಲಿಯೇ ಗುಂಯ್ಗುಟ್ಟುತ್ತ ಅದುರುವುದೂ ಉಂಟು. ಸಂವೇದಕವಿರುವ ಫಲಕದ ತಿರುಪು ಸಡಿಲವಾಗಿದ್ದರೆ ಫಲಕದ ಅಲುಗಾಟವನ್ನೇ ವಾಹನದ ಬಾಗುವಿಕೆಯೆಂದು ಬಗೆದು ನಿಯಂತ್ರಕವು ಮೋಟಾರನ್ನು ಕುಲುಕುವುದು.

ಮೂರನೆಯ ಬಗೆಯು ಮೋಟಾರಿನ ಒಳಗಿನದು. ಅಯಸ್ಕಾಂತಗಳ ಸ್ಥಾನವನ್ನು ತಿಳಿಸುವ ಮೂರು ಹಾಲ್ ಸಂವೇದಕಗಳಲ್ಲಿ ಒಂದು ಕೆಟ್ಟರೂ, ವಿದ್ಯುತ್ತನ್ನು ತರುವ ಮೂರು ದಪ್ಪ ತಂತಿಗಳಲ್ಲಿ ಒಂದರ ಬೆಸುಗೆ ಬಿಟ್ಟರೂ, ಸುರುಳಿಗಳಿಗೆ ವಿದ್ಯುತ್ತು ಸರಿಯಾದ ಸರದಿಯಲ್ಲಿ ಒದಗುವುದಿಲ್ಲ. ಆಗ ಹೊರಡುವಾಗಲೂ ಏರು ಹತ್ತುವಾಗಲೂ ಗರಗರನೆ ಶಬ್ದದೊಡನೆ ಜಗ್ಗಾಟವುಂಟಾಗುವುದು. ಇವು ಮೂರಕ್ಕೂ ಸೇರದ ಇನ್ನೊಂದು ಬಗೆಯೆಂದರೆ ವೇಗದಲ್ಲಿ ಅಥವಾ ತಡೆಯುವಾಗ ಚಕ್ರವು ಎಡಬಲಕ್ಕೆ ಓಲಾಡುವುದು. ಬಿಗಿಹಿಡಿದ ಕಾಲುಗಳೂ ಗಾಳಿ ಕಡಿಮೆಯಾದ ಟೈರೂ ಇದಕ್ಕೆ ಸಾಮಾನ್ಯ ಕಾರಣಗಳು. ಮಂಡಿಗಳನ್ನು ಸಡಿಲಿಸಿ, ಭಾರವನ್ನು ಒಂದು ಕಾಲಿನ ಕಡೆಗೆ ತುಸು ವಾಲಿಸಿ, ಮೆಲ್ಲನೆ ವೇಗವನ್ನು ತಗ್ಗಿಸುವುದೇ ಪರಿಹಾರ.

ಪರೀಕ್ಷೆಯ ಕ್ರಮವನ್ನು ಈಗ ಹೇಳುವೆವು. ನಡುಗುವ ವಾಹನವನ್ನು ಹತ್ತಿ ನೋಡಿ ಪರೀಕ್ಷಿಸುವುದು ಸರ್ವಥಾ ಕೂಡದು. ಮೊದಲು ವಿದ್ಯುತ್ತನ್ನು ನಿಲ್ಲಿಸಿ, ಚಕ್ರವನ್ನು ನೆಲದಿಂದ ಎತ್ತಿ ಕೈಯಿಂದ ತಿರುಗಿಸಬೇಕು. ಅದು ಅಸಾಧಾರಣವಾಗಿ ಬಿಗಿಯಾಗಿ, ತಡೆತಡೆದು ತಿರುಗಿದರೆ ನಿಯಂತ್ರಕದ ಟ್ರಾನ್ಸಿಸ್ಟರುಗಳು ಸುಟ್ಟಿರಬಹುದು, ಅಥವಾ ದಪ್ಪ ತಂತಿಗಳು ಒಂದಕ್ಕೊಂದು ತಗುಲಿರಬಹುದು. ಅಂತಹ ವಾಹನಕ್ಕೆ ಮತ್ತೆ ವಿದ್ಯುತ್ತನ್ನು ಹರಿಸಲಾಗದು. ಬಳಿಕ ಟೈರನ್ನು ಹಿಡಿದು ಪಕ್ಕಕ್ಕೆ ಅಲುಗಿಸಬೇಕು; ಸಡಿಲವು ಕಂಡರೆ ಬೇರಿಂಗನ್ನೂ ಅಚ್ಚಿನ ನಟ್ಟುಗಳನ್ನೂ ನೋಡಬೇಕು. ಅನಂತರ ಟೈರಿನ ಗಾಳಿ, ಪಾದಫಲಕಗಳು ಮತ್ತು ಕವಚದ ತಿರುಪುಗಳು. ಇವೆಲ್ಲವೂ ಸರಿಯಿದ್ದರೆ ಮಾತ್ರ, ಚಕ್ರವು ನೆಲದಲ್ಲಿಯೇ ಇರುವಂತೆ ಹಿಡಿದು, ಸವಾರನಿಲ್ಲದೆ ವಿದ್ಯುತ್ತನ್ನು ಹರಿಸಿ ಮೆಲ್ಲನೆ ಹಿಂದುಮುಂದಕ್ಕೆ ಬಾಗಿಸಬೇಕು. ಚಾಲೂ ಇರುವ ಚಕ್ರವನ್ನು ಎತ್ತಿ ಬಾಗಿಸಿದರೆ ಅದು ಕ್ಷಣದಲ್ಲಿ ಪೂರ್ಣವೇಗಕ್ಕೇರಿ ಕೈಬೆರಳುಗಳಿಗೆ ಅಪಾಯ ತರುವುದು. ನಿಯಂತ್ರಣವನ್ನು ಗಡುಸಿನಿಂದ ಮೃದುವಿಗೆ ಬದಲಿಸಿದಾಗ ನಡುಕವು ತಗ್ಗಿದರೆ, ತಯಾರಕರು ಹೇಳಿದಂತೆ ಸಮತಲದಲ್ಲಿ ಸಂವೇದಕಗಳನ್ನು ಪುನಃ ಹೊಂದಿಸಬೇಕು. ತಗ್ಗದೆ ಜಗ್ಗಾಟವೇ ಮುಂದುವರಿದರೆ ತಂತಿಗಳೂ ಹಾಲ್ ಸಂವೇದಕಗಳೂ ಶಂಕೆಗೆ ಪಾತ್ರವಾಗುವುವು.

ಬೇರಿಂಗು ಬದಲಿಸುವ, ರಿಮ್ಮು ನೇರಮಾಡುವ ಕೆಲಸಗಳು ರಾಜಾಜಿನಗರ ಅಥವಾ ಪೀಣ್ಯದ ನುರಿತ ಯಂತ್ರಕರ್ಮಿಗಳಿಗೆ ಸಾಧ್ಯವಾದುವು. ಬ್ಯಾಟರಿಯನ್ನು ಬಿಚ್ಚುವ ಕೆಲಸ ಹಾಗಲ್ಲ: 20 ಲಿಥಿಯಂ ಕೋಶಗಳ ಸರಣಿಯು ಪೂರ್ಣವಾಗಿ ತುಂಬಿದಾಗ 84 ವೋಲ್ಟು ಒತ್ತಡವನ್ನು ಹೊಂದಿರುವುದು. ಅದನ್ನು ಅರಿತವರಿಗೇ ಬಿಡತಕ್ಕದ್ದು. ಸಡಿಲವಾದೊಂದು ತಿರುಪಿಗಾಗಿ ಮೋಟಾರನ್ನೇ ಬದಲಿಸುವ ವ್ಯರ್ಥ ವೆಚ್ಚವೂ, ಮೋಟಾರಿನ ದೋಷವನ್ನು ರಸ್ತೆಯ ಮೇಲೆ ಹೊರಿಸಿ ಸವಾರಿಯನ್ನು ಮುಂದುವರಿಸುವ ಅಪಾಯವೂ ಈ ಕ್ರಮದಿಂದ ತಪ್ಪುವುವು. ಕಾರಣವು ನಿಶ್ಚಯವಾಗುವವರೆಗೆ ಆ ವಾಹನದ ಮೇಲೆ ಯಾರೂ ನಿಲ್ಲದಿರುವುದೇ ಲೇಸು.