ಬೆಕ್ಕಿನ ಉರಿಯೂತದಲ್ಲಿ ವೇದನಾಶಾಮಕಗಳ ಪರೀಕ್ಷೆ

ಔಷಧವೊಂದು ನೋವನ್ನು ಶಮನಗೊಳಿಸಿತೆಂದು ಹೇಳಬೇಕಾದರೆ ಮೊದಲು ನೋವನ್ನು ಅಳೆಯಬೇಕು. ಬೆಕ್ಕಿನ ವಿಷಯದಲ್ಲಿ ಇದು ಸುಲಭವಲ್ಲ. ಕೀಲುಗಳಲ್ಲಿ ದೀರ್ಘಕಾಲದ ಉರಿಯೂತವುಳ್ಳ ಬೆಕ್ಕು ಎದ್ದು ಕಾಣುವಂತೆ ಕುಂಟುವುದು ವಿರಳ. ಎತ್ತರಕ್ಕೆ ನೆಗೆಯುವುದನ್ನು ಬಿಟ್ಟು ಮೂಲೆ ಸೇರುತ್ತದೆ. ಮನೆಯವರು ಅದನ್ನು ಮುಪ್ಪೆಂದು ಭಾವಿಸುತ್ತಾರೆ.

ತೀವ್ರ ನೋವನ್ನು ಅಳೆಯಲು ಮಾಂಟ್ರಿಯಲ್ ವಿಶ್ವವಿದ್ಯಾನಿಲಯದ ಸಂಶೋಧಕರು 2019ರಲ್ಲಿ ಮುಖಚರ್ಯೆಯ ಮಾಪಕವೊಂದನ್ನು ಪ್ರಕಟಿಸಿದರು. ಕಿವಿ, ಕಣ್ಣು, ಮೂತಿ, ಮೀಸೆ, ತಲೆಯ ನಿಲುವು ಎಂಬ ಐದು ಲಕ್ಷಣಗಳಿಗೆ ತಲಾ 0ಯಿಂದ 2ರವರೆಗೆ ಅಂಕಗಳುಂಟು. ಒಟ್ಟು 10ರಲ್ಲಿ 4 ಅಥವಾ ಹೆಚ್ಚು ಬಂದರೆ ವೇದನಾಶಾಮಕವನ್ನು ಯೋಚಿಸಬೇಕು. ದೀರ್ಘಕಾಲದ ನೋವಿಗಾದರೋ ಮನೆಯವರ ಅವಲೋಕನವೇ ಮುಖ್ಯ ಆಧಾರ. ಆದರೆ ಔಷಧವಿಲ್ಲದ ಹುಸಿಗುಳಿಗೆಯನ್ನು ಕೊಟ್ಟಾಗಲೂ ಗುಣ ಕಂಡಿತೆನ್ನುವವರು ಅನೇಕರು. ಆದುದರಿಂದ ಯಾವ ಬೆಕ್ಕಿಗೆ ಯಾವುದನ್ನು ಕೊಟ್ಟಿದೆಯೆಂಬುದು ನೋಡುವವರಿಗೆ ತಿಳಿಯದಂತೆ ಪರೀಕ್ಷೆ ನಡೆಯಬೇಕು.

ನೋವು ತಗ್ಗಿದರಷ್ಟೇ ಸಾಲದು. ಬೆಕ್ಕು ಉಳಿಯಲೂ ಬೇಕು. ಪ್ಯಾರಸಿಟಮಾಲನ್ನು ಗ್ಲುಕುರಾನಿಕ್ ಆಮ್ಲದೊಡನೆ ಬಂಧಿಸಿ ನಿರಪಾಯಗೊಳಿಸುವ ಶಕ್ತಿ ಅದರ ಯಕೃತ್ತಿಗೆ ಅತ್ಯಲ್ಪ. ಆಗ ಹುಟ್ಟುವ ವಿಷವಸ್ತುಗಳು ಆಮ್ಲಜನಕವನ್ನೊಯ್ಯುವ ರಕ್ತದ ಸಾಮರ್ಥ್ಯವನ್ನು ಕುಂದಿಸುತ್ತವೆ. ನಾವು ಜ್ವರಕ್ಕೆ ನುಂಗುವ ಒಂದೇ ಗುಳಿಗೆ ಅದಕ್ಕೆ ಮಾರಕವಾಗಬಹುದು. ಮೆಲಾಕ್ಸಿಕಾಂ ಉರಿಯೂತವನ್ನು ತಗ್ಗಿಸುವುದು ನಿಜ. ಆದರೂ ಪದೇಪದೇ ಕೊಟ್ಟರೆ ಬೆಕ್ಕುಗಳಲ್ಲಿ ಮೂತ್ರಪಿಂಡಗಳು ವಿಫಲವಾಗಿ ಸಾವು ಸಂಭವಿಸಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2010ರಲ್ಲಿ ಎಚ್ಚರಿಸಿತು. ಯೂರೋಪಿನಲ್ಲಿ ಅದೇ ಔಷಧವನ್ನು ಅಲ್ಪ ಪ್ರಮಾಣದಲ್ಲಿ ದೀರ್ಘಕಾಲ ಕೊಡಲು ಸಮ್ಮತಿಯಿದೆ. ಪ್ರಮಾಣ, ಅವಧಿ, ಮೂತ್ರಪಿಂಡಗಳ ಸ್ಥಿತಿ ಇವನ್ನು ಬಿಟ್ಟು ಔಷಧದ ಗುಣದೋಷವನ್ನು ನಿರ್ಣಯಿಸಲಾಗದೆಂಬುದಕ್ಕೆ ಇದೇ ಸಾಕ್ಷಿ.

ಮನುಷ್ಯನಲ್ಲಿಯೂ ನಾಯಿಯಲ್ಲಿಯೂ ದೊರೆತ ಫಲಿತಾಂಶ ಬೆಕ್ಕಿಗೆ ಪ್ರಮಾಣವಾಗದು. ಬೆಕ್ಕಿನ ಔಷಧವನ್ನು ಬೆಕ್ಕಿನಲ್ಲಿಯೇ ಒರೆಗೆ ಹಚ್ಚಬೇಕೆಂಬುದು ನಮ್ಮ ಅಭಿಪ್ರಾಯ.