ಮನೆಯಲ್ಲಿಯೇ ಫ್ರೆಂಚ್ ಕಲಿಕೆ

ಫ್ರಾನ್ಸ್ ದೇಶಕ್ಕೆ ನೆಲೆಸಲು ಹೋಗುವ ಕುಟುಂಬಗಳಲ್ಲಿ ಭಾಷೆಯ ಹೊರೆ ಹೆಚ್ಚಾಗಿ ಗೃಹಿಣಿಯ ಮೇಲೆಯೇ ಬೀಳುತ್ತದೆ. ಪತಿಯ ಕಚೇರಿಯಲ್ಲಿ ಇಂಗ್ಲಿಷ್ ನಡೆದೀತು. ಮಗುವಿನ ಶಾಲೆಯಲ್ಲಿ, ವೈದ್ಯರ ಬಳಿ ಅದನ್ನೇ ನೆಚ್ಚಿಕೊಳ್ಳಲಾಗದು. 2024ರ ಕಾನೂನಿನಿಂದಾಗಿ ಅಲ್ಲಿನ ಪೌರತ್ವ ಬಯಸುವವರು ಹಿಂದಿನ ಬಿ1ರ ಬದಲು ಬಿ2 ಮಟ್ಟದ ಫ್ರೆಂಚ್ ತೋರಿಸಬೇಕಾಗಿದೆ. ತರಗತಿಗೆ ಹೋಗಲಾಗದವರು ಮನೆಯಲ್ಲಿಯೇ ಕಲಿಯಬಹುದೇ? ಕಲಿಯಬಹುದೆಂದೇ ನಮ್ಮ ಅಭಿಪ್ರಾಯ.

ಕನ್ನಡಿಗರಿಗೆ ಮೊದಲ ತೊಡಕು ಲಿಂಗದ್ದು. ನಮ್ಮಲ್ಲಿ ಜಡವಸ್ತುಗಳೆಲ್ಲ ನಪುಂಸಕಲಿಂಗ. ಫ್ರೆಂಚ್ ನಾಮಪದಗಳಿಗೆ ಆ ಲಿಂಗವೇ ಇಲ್ಲ. ಪುಸ್ತಕ ಪುಲ್ಲಿಂಗ, 'ಲ ಲೀವ್ರ್'. ಮೇಜು ಸ್ತ್ರೀಲಿಂಗ, 'ಲಾ ತಾಬ್ಲ್'. ಏಕೆಂದು ಕೇಳುತ್ತ ಕುಳಿತರೆ ಕಾಲಹರಣವಷ್ಟೆ. ಪದವನ್ನು ಬಿಡಿಯಾಗಿ ಬರೆದುಕೊಳ್ಳದೆ 'ಲ', 'ಲಾ' ಸಹಿತವೇ ಬಾಯಿಪಾಠ ಮಾಡುವುದು ಲೇಸು.

ಸಂಖ್ಯೆಗಳಂತೂ ಮಗ್ಗಿಯ ಪರೀಕ್ಷೆಯೇ ಸರಿ! ಎಪ್ಪತ್ತಕ್ಕೆ ಅವರು 'ಅರವತ್ತು ಹತ್ತು' ಎನ್ನುತ್ತಾರೆ. ಎಂಬತ್ತಕ್ಕೆ 'ನಾಲ್ಕು ಇಪ್ಪತ್ತು'. ತೊಂಬತ್ತೊಂಬತ್ತು 'ನಾಲ್ಕು ಇಪ್ಪತ್ತು ಹತ್ತು ಒಂಬತ್ತು' ಆಗುತ್ತದೆ. ಅಂಗಡಿಯವನು ಬೆಲೆ ಹೇಳಿ ಮುಗಿಸುವಷ್ಟರಲ್ಲಿ ಇದನ್ನು ಕೂಡಿಸಿಕೊಳ್ಳಬೇಕು.

ಒಂದು ಅನುಕೂಲವೂ ಉಂಟು. 'ತ್ಯು', 'ವೂ' ಎಂಬ ಎರಡು ಸರ್ವನಾಮಗಳು ನಮ್ಮ ನೀನು, ನೀವುಗಳಂತೆಯೇ. ಹಿರಿಯರಿಗೂ ಅಪರಿಚಿತರಿಗೂ 'ವೂ' ಎನ್ನಬೇಕೆಂದು ಕನ್ನಡದ ಮಕ್ಕಳಿಗೆ ಯಾರೂ ವಿವರಿಸಬೇಕಾಗಿಲ್ಲ.

ಪುಸ್ತಕವೊಂದನ್ನೇ ನಂಬಿದವರಿಗೆ ಉಚ್ಚಾರಣೆ ಕೈಕೊಡುತ್ತದೆ, ಪದಾಂತ್ಯದ ವ್ಯಂಜನಗಳು ಅನೇಕವೇಳೆ ಬರವಣಿಗೆಗಷ್ಟೇ ಸೀಮಿತ. ರೇಡಿಯೋ ಫ್ರಾನ್ಸ್ ಇಂಟರ್‌ನ್ಯಾಷನಲ್ ಕಲಿಯುವವರಿಗೆಂದೇ ಸರಳ ಫ್ರೆಂಚಿನಲ್ಲಿ ವಾರ್ತೆಗಳನ್ನು ಬಿತ್ತರಿಸುತ್ತದೆ. ಅಡುಗೆಯ ವೇಳೆಯಲ್ಲಿ ಅದನ್ನು ಆಲಿಸಿ, ಕೇಳಿದ ಎರಡು ವಾಕ್ಯಗಳನ್ನು ರಾತ್ರಿ ಬರೆದು ನೋಡಬಹುದು.