ಎಣಿಕೆಗೆ ಸಿಕ್ಕದ ನಿಷ್ಠೆ

ದೊಡ್ಡಬಳ್ಳಾಪುರದಿಂದ ದಾಬಸ್‌ಪೇಟೆಯ ಕಡೆಗೆ ಪಡುವಲಾಗಿ ಹೋಗುವ ಹೆದ್ದಾರಿಯ ಮೇಲೆ ದೊಡ್ಡಬೆಳವಂಗಲವೆಂಬ ಹೋಬಳಿಯ ಊರು ಇದೆ. ಮುಗಿಲನ್ನು ನಂಬಿದ ರಾಗಿಯ ಸೀಮೆ ಇದು; ಕ್ರೈಸ್ತಧರ್ಮದ ಚರಿತ್ರೆಯನ್ನು ಬರೆದವರಾರೂ ಈ ಊರಿನ ಹೆಸರನ್ನು ವಿಶೇಷವಾಗಿ ಎತ್ತಿ ಹೇಳಿದಂತಿಲ್ಲ. ಆದರೆ ಇದರ ಮೂಡಲಿಗೆ ದೇವನಹಳ್ಳಿ ಮತ್ತು ಚಿಕ್ಕಬಳ್ಳಾಪುರಗಳೂ, ತೆಂಕಲಿಗೆ ಹೆಸರಘಟ್ಟದ ಮಗ್ಗುಲಿನ ಸಿಲ್ವೇಪುರವೂ ಇರುವುದರಿಂದ, ಇಲ್ಲಿ ನಿಂತು ನೋಡತಕ್ಕವನಿಗೆ ಕಷ್ಟಕಾಲದಲ್ಲಿ ಒಂದು ಶ್ರದ್ಧೆಯನ್ನು ಪೂರ್ಣಮನಸ್ಸಿನಿಂದ ಬಾಳುವುದೆಂದರೇನು ಎಂಬ ಪ್ರಶ್ನೆಗೆ ಎರಡು ಶತಮಾನಗಳ ಉತ್ತರ ಅಕ್ಕಪಕ್ಕದಲ್ಲೇ ದೊರೆಯುತ್ತದೆ.

ಪ್ರತಿದಿನವೂ ತನ್ನ ಶಿಲುಬೆಯನ್ನು ತಾನೇ ಹೊತ್ತು ತನ್ನ ಹಿಂದೆ ಬರಬೇಕೆಂದು ಯೇಸುಸ್ವಾಮಿ ಶಿಷ್ಯರಿಗೆ ವಿಧಿಸಿದನೆಂದು ಲೂಕನ ಸುವಾರ್ತೆ ಹೇಳುತ್ತದೆ. ಇಲ್ಲಿ ‘ಪ್ರತಿದಿನ’ ಎಂಬುದನ್ನು ಬೋಧಕರು ಸಾಮಾನ್ಯವಾಗಿ ಬೇಗನೆ ದಾಟಿಬಿಡುತ್ತಾರೆ. ಸಿಂಹದ ಬಾಯಿಗೆ ಬಿದ್ದ ರೋಮಿನ ರಕ್ತಸಾಕ್ಷಿಗಳ ಕಥೆ ಕೇಳಲು ರೋಮಾಂಚಕವಾದದ್ದು; ಆದರೆ ಆ ಸಾಹಸ ಒಂದು ಮಧ್ಯಾಹ್ನದಲ್ಲಿ ಮುಗಿದುಹೋಗುತ್ತದೆ. ನಮ್ಮ ಬಯಲುಸೀಮೆಯ ಕ್ರೈಸ್ತರಿಗೆ ಒದಗಿದ್ದು ಹಾಗೆ ಬೇಗ ಮುಗಿಯದ ಪರೀಕ್ಷೆ.

ಹದಿನೆಂಟನೆಯ ಶತಮಾನದ ಆರಂಭದಲ್ಲಿ ಪುದುಚೇರಿಯ ಕಡೆಯಿಂದ ಬಂದ ಫ್ರೆಂಚ್ ಯೇಸುಸಭೆಯ ಗುರುಗಳು ಕಾವಿಯುಟ್ಟು, ಮಾಂಸವನ್ನು ತೊರೆದು, ಸಂನ್ಯಾಸಿಗಳ ನಡೆನುಡಿಗಳನ್ನು ತಮ್ಮದಾಗಿಸಿಕೊಂಡು ದೇವನಹಳ್ಳಿ, ಚಿಕ್ಕಬಳ್ಳಾಪುರಗಳ ಸುತ್ತ ತೆಲುಗು ಮಾತನಾಡುವ ಸಣ್ಣಸಣ್ಣ ಸಭೆಗಳನ್ನು ಕಟ್ಟಿದರು. 1709ರ ಜನವರಿಯಲ್ಲಿ ಲೆ ಗಾಕ್ ಎಂಬ ಪಾದ್ರಿಗಳು ಚಿಕ್ಕಬಳ್ಳಾಪುರದಿಂದ ಪುದುಚೇರಿಯ ಗವರ್ನರಿಗೆ ಬರೆದ ದೀರ್ಘವಾದ ಪತ್ರದಲ್ಲಿ ಈ ಗುರುಗಳ ವಿರುದ್ಧ ದಾಸರಿಗಳು ನಡೆಸಿದ ಪ್ರತಿಭಟನೆಯ ವೃತ್ತಾಂತವಿದೆ. ಇದಕ್ಕಿಂತ ದೊಡ್ಡ ಪೆಟ್ಟು ಬಂದದ್ದು ವಿರೋಧಿಗಳಿಂದಲ್ಲ, ರೋಮಿನಿಂದಲೇ: 1773ರಲ್ಲಿ ಜಗದ್ಗುರು ಪೋಪರು ಯೇಸುಸಭೆಯನ್ನೇ ವಿಸರ್ಜಿಸಿದರು. ಹೊಸ ಗುರುಗಳು ಬರುವುದು ನಿಂತಿತು. ಗುರುವಿಲ್ಲದಿದ್ದರೆ ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ. ಉಳಿಯುವುದು ಜಪಸರವೂ, ಊರಿನ ಉಪದೇಶಿ ಹೇಳಿಕೊಟ್ಟ ಮಂತ್ರಗಳೂ, ಪ್ರಾಣಾಪಾಯವಿದ್ದಾಗ ಯಾರು ಬೇಕಾದರೂ ಮಾಡಿಸಬಹುದಾದ ಜ್ಞಾನಸ್ನಾನವೂ ಮಾತ್ರ. ಅಷ್ಟನ್ನೇ ಹಿಡಿದುಕೊಂಡು ಒಂದು ಮನೆ ಎಷ್ಟು ಕಾಲ ನಿಲ್ಲಬಲ್ಲುದು?

ಮೈಸೂರಿನ ಯುದ್ಧಗಳು ಈ ಪ್ರಶ್ನೆಯನ್ನು ಇನ್ನೂ ತೀವ್ರಗೊಳಿಸಿದುವು. ಕೆನರಾದ ಕ್ರೈಸ್ತರು ಇಂಗ್ಲಿಷರಿಗೆ ನೆರವಾದರೆಂಬ ಸಂಶಯದಿಂದ ಟಿಪ್ಪು ಸುಲ್ತಾನನು 1784ರಲ್ಲಿ ಅವರನ್ನು ಸಾಮೂಹಿಕವಾಗಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಸಂಖ್ಯೆಯನ್ನು ಕೆಲವರು ಮೂವತ್ತು ಸಾವಿರವೆಂದೂ ಕೆಲವರು ಅರವತ್ತು ಸಾವಿರವೆಂದೂ ಹೇಳುತ್ತಾರೆ. ದಾರಿಯಲ್ಲಿ ಸತ್ತವರು ಸತ್ತರು. ಉಳಿದವರಲ್ಲಿ ಬಹುಮಂದಿ ಮತವನ್ನು ಬಿಡಬೇಕಾಯಿತು. 1799ರಲ್ಲಿ ಪಟ್ಟಣ ಬಿದ್ದಮೇಲೆ, ಚದರಿಹೋದ ಈ ಸಭೆಯನ್ನು ಮತ್ತೆ ಕೂಡಿಸಲು ಪ್ಯಾರಿಸಿನ ವಿದೇಶೀ ಮಿಷನ್ನಿಗೆ ಸೇರಿದ ಅಬ್ಬೆ ದುಬಾಯ್ ಎಂಬ ಫ್ರೆಂಚ್ ಗುರುಗಳು ಬಂದರು.

ಇವರನ್ನು ಜನ ದೊಡ್ಡಸ್ವಾಮಿಯವರೆಂದು ಕರೆದರು. 1792ರಲ್ಲಿ, ಫ್ರಾನ್ಸ್ ಕ್ರಾಂತಿಯ ಬೆಂಕಿಯಲ್ಲಿದ್ದಾಗ, ಗುರುದೀಕ್ಷೆ ಪಡೆದು ಅದೇ ವರ್ಷ ಹಡಗು ಹತ್ತಿದವರು. ಐರೋಪ್ಯರ ಸಹವಾಸವನ್ನು ಬಿಟ್ಟು ದೇಶೀಯರ ಉಡುಪನ್ನೂ ಆಹಾರವನ್ನೂ ಸ್ವೀಕರಿಸಿದವರು. ಹಿಂದೂ ಆಚಾರವಿಚಾರಗಳನ್ನು ಕುರಿತು ಇವರು ಬರೆದ ಹಸ್ತಪ್ರತಿಯನ್ನು ಕಂಪನಿ ಸರಕಾರ ಎರಡು ಸಾವಿರ ವರಹ ಕೊಟ್ಟು ಕೊಂಡುಕೊಂಡು 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿತು. ಪಂಡಿತರು ಅವರನ್ನು ಆ ಗ್ರಂಥಕ್ಕಾಗಿ ನೆನೆಯುತ್ತಾರೆ. ನನಗಾದರೋ ಅವರ ಮತ್ತೊಂದು ಕೆಲಸವೇ ಹೆಚ್ಚಿನದಾಗಿ ತೋರುತ್ತದೆ.

ಸಿಡುಬನ್ನು ತಡೆಯಲು ಜೆನ್ನರನು ಇಂಗ್ಲೆಂಡಿನಲ್ಲಿ 1798ರಲ್ಲಿ ಪ್ರಕಟಿಸಿದ ಗೋಸಿಡುಬಿನ ಚಿಕಿತ್ಸೆ 1802ರಲ್ಲಿ ಮುಂಬಯಿಗೆ ಬಂದು ಮುಟ್ಟಿತು. ಅಮ್ಮ ಬಂದಳೆಂದರೆ ಬೇವಿನ ಸೊಪ್ಪು ಕಟ್ಟಿ ಕೈಮುಗಿಯುವುದೊಂದೇ ದಾರಿಯೆಂದು ನಂಬಿದ್ದ ಮೈಸೂರಿನ ಹಳ್ಳಿಗಳಲ್ಲಿ ದುಬಾಯ್ ಅವರು ಈ ದಾಕು ಹಾಕುವ ಕೆಲಸವನ್ನು ಕೈಗೆತ್ತಿಕೊಂಡರು. ಆ ಕಾಲಕ್ಕೆ ಲಸಿಕೆಯನ್ನು ಬಿಸಿಲಿನ ನಾಡಿನಲ್ಲಿ ಕೆಡದಂತೆ ಇಡುವ ಉಪಾಯ ತಿಳಿದಿರಲಿಲ್ಲ. ಒಂದು ಮಗುವಿನ ತೋಳಿನಲ್ಲಿ ಎದ್ದ ಗುಳ್ಳೆಯಿಂದ ಎಂಟನೆಯ ದಿನದ ಸುಮಾರಿಗೆ ರಸವನ್ನು ತೆಗೆದು ಮತ್ತೊಂದು ಮಗುವಿನ ತೋಳಿಗೆ ಚುಚ್ಚಬೇಕು, ಅಲ್ಲಿಂದ ಮುಂದಿನ ಮಗುವಿಗೆ. ಒಂದು ವಾರ ಯಾವ ತಾಯಿಯೂ ಮಗುವನ್ನು ಕೊಡಲೊಲ್ಲೆನೆಂದರೆ ಸರಪಣಿ ಕಡಿದುಹೋಗುತ್ತದೆ; ಮತ್ತೆ ಮೊದಲಿನಿಂದ ರಸವನ್ನು ತರಿಸಿಕೊಳ್ಳಬೇಕು. ಹೀಗೆ ಮನೆಯಿಂದ ಮನೆಗೆ ಮಕ್ಕಳನ್ನು ಬೇಡುತ್ತ ತಿರುಗುವವನಿಗೆ ಯಾವ ಜಾತಿ, ಯಾವ ಮತವೆಂದು ಕೇಳುವ ಅವಕಾಶವೇ ಇಲ್ಲ.

ಇಂಥ ಮನುಷ್ಯ 1823ರಲ್ಲಿ ಸ್ವದೇಶಕ್ಕೆ ಹಿಂದಿರುಗಿದಾಗ ಲಂಡನ್ನಿನಲ್ಲಿ ಪ್ರಕಟವಾದ ಅವರ ಪತ್ರಗಳ ಸಂಪುಟ ಮಿಷನರಿ ಲೋಕವನ್ನು ತಲ್ಲಣಗೊಳಿಸಿತು. ಹಿಂದೂದೇಶದಲ್ಲಿ ಕ್ರೈಸ್ತಮತ ಬೇರೂರುವ ಕಾಲ ಕಳೆದುಹೋಯಿತೆಂದೂ, ಇಪ್ಪತ್ತೈದು ವರ್ಷ ದುಡಿದು ತಾವು ಸೇರಿಸಿದವರು ಇನ್ನೂರು ಮುನ್ನೂರು ಮಂದಿಯೆಂದೂ, ಅವರಲ್ಲಿಯೂ ಮೂರರಲ್ಲಿ ಎರಡು ಪಾಲು ಹೊಲೆಯರೂ ತಿರುಕರೂ ಎಂದೂ ಅವರು ಲೆಕ್ಕವೊಪ್ಪಿಸಿದರು. ಪ್ರಾಟೆಸ್ಟೆಂಟರು ಕೂಡಲೇ ಖಂಡನೆಗಳನ್ನು ಬರೆದರು. ಶ್ರೀರಂಗಪಟ್ಟಣದ ಸೆರೆಯಾಳುಗಳಲ್ಲಿ ಒಬ್ಬನಿಗಾದರೂ ರಕ್ತಸಾಕ್ಷಿಯಾಗುವ ಧೈರ್ಯವಿರಲಿಲ್ಲವೆಂದೂ ದುಬಾಯ್ ಅವರು ಕಟುವಾಗಿ ನುಡಿದಿದ್ದಾರೆ. ಇದು ನ್ಯಾಯವೆಂದು ನನಗೆ ತೋರುವುದಿಲ್ಲ. ಹದಿನೈದು ವರ್ಷ ಗುರುವೂ ಗುಡಿಯೂ ಇಲ್ಲದೆ, ಹೊರಗೆ ಬೇರೊಂದು ಹೆಸರಿನಿಂದ ಬದುಕಿದ ಮೇಲೆ, ಆ ಜನ 1799ರಲ್ಲಿ ತಾವಾಗಿ ಮರಳಿ ಬಂದರಲ್ಲ! ಮರೆತುಬಿಡುವುದೇ ಸುಲಭವಾಗಿದ್ದ ಕಾಲದಲ್ಲಿ ಮನೆಯೊಳಗೆ ಯಾರೋ ಮರೆಯದೆ ಇದ್ದುದರಿಂದಲೇ ದೊಡ್ಡಸ್ವಾಮಿಯವರಿಗೆ ಕೂಡಿಸುವುದಕ್ಕೆ ಒಂದು ಸಭೆಯಾದರೂ ಸಿಕ್ಕಿತು. ಪರರಿಂದ ಪ್ರಾಣವನ್ನು ಕೇಳುವುದು ಎಂದಿಗೂ ಸುಲಭ. ಸ್ವತಃ ಕ್ರಾಂತಿಯ ಫ್ರಾನ್ಸನ್ನು ಬಿಟ್ಟು ಬಂದವರಿಗೆ ಇದು ಹೊಳೆಯದೆ ಹೋದದ್ದು ಸೋಜಿಗ.

ಆದಾಗ್ಯೂ ಅವರ ನಿರಾಶೆಯನ್ನು ಅವರ ದುಡಿಮೆಯ ಪಕ್ಕದಲ್ಲಿಟ್ಟು ನೋಡಬೇಕು. ಫಲ ಬರುವುದೆಂಬ ಭರವಸೆಯಿಂದ ದುಡಿಯುವವರನ್ನು ಎಲ್ಲೆಲ್ಲಿಯೂ ಕಾಣಬಹುದು; ಎಣಿಸಿದ ಫಲ ಕೈಗೆ ಬಾರದಿದ್ದರೂ ರೈತರ ನೆಲೆಗಳನ್ನು ಕಟ್ಟುತ್ತ, ಮಕ್ಕಳ ತೋಳು ಹಿಡಿದು ಕೂತ ಭಕ್ತನ ನಿಷ್ಠೆ ಬೇರೆ ಜಾತಿಯದು. ಅವರು 1848ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡರು.

ಮೂವತ್ತು ವರ್ಷ ಕಳೆಯುವುದರೊಳಗೆ ಧಾತು ಈಶ್ವರದ ಬರ ಬಂತು. 1871ರ ಖಾನೇಷುಮಾರಿಯಲ್ಲಿ ಮೈಸೂರು ಸಂಸ್ಥಾನದ ಜನ 50,55,412; 1881ರಲ್ಲಿ 41,86,188. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ಜನಸಂಖ್ಯೆ ಎಂಟೂವರೆ ಲಕ್ಷಕ್ಕೂ ಮಿಗಿಲಾಗಿ ಕುಗ್ಗಿತೆಂಬ ಈ ಎರಡು ಅಂಕಿಗಳ ನಡುವೆ 1876ರಿಂದ 78ರ ವರೆಗಿನ ಗಂಜಿಕೇಂದ್ರಗಳೂ ದಾರಿಯ ಬದಿಯ ಹೆಣಗಳೂ ಇವೆ. ವೆಸ್ಲಿಯನ್ ಮಿಷನ್ನಿನವರು ತುಮಕೂರಿನಲ್ಲಿ ಗಂಡುಮಕ್ಕಳಿಗೂ ಹಾಸನದಲ್ಲಿ ಹೆಣ್ಣುಮಕ್ಕಳಿಗೂ ಅನಾಥಾಲಯಗಳನ್ನು ತೆರೆದರು. ಕಥೋಲಿಕ ಗುರುಗಳು ತಾವು ಸಾಕಿದ ಅನಾಥರಿಗಾಗಿ, ಆಗ ನೆಲಮಂಗಲ ತಾಲ್ಲೂಕಿಗೆ ಸೇರಿದ್ದ ಸಿಲ್ವೇಪುರದಲ್ಲಿಯೂ ಕನಕಪುರದ ಕಡೆಯ ಮರಿಯಾಪುರದಲ್ಲಿಯೂ ಬೇಸಾಯದ ನೆಲೆಗಳನ್ನು ಏರ್ಪಡಿಸಿದರು.

ಹಸಿದವನಿಗೆ ಗಂಜಿ ಕೊಟ್ಟು ಮತಕ್ಕೆ ಸೇರಿಸಿಕೊಂಡರೆಂಬ ಆಕ್ಷೇಪಣೆ ಇಲ್ಲಿ ಸಹಜವಾಗಿಯೇ ಏಳುತ್ತದೆ, ಅದನ್ನು ಮುಚ್ಚಿಡಬಾರದು. ತಂದೆತಾಯಿಗಳನ್ನು ಕಳೆದುಕೊಂಡ ಮಗುವಿಗೆ ಆಯ್ಕೆಯ ಸ್ವಾತಂತ್ರ್ಯವಿರಲಿಲ್ಲ. ಆದರೆ ಮಳೆ ಮರಳಿ ಬಂದಮೇಲೆ, ಮಗು ಬೆಳೆದು ನೇಗಿಲು ಹಿಡಿದಮೇಲೆ, ಗಂಜಿಯ ಋಣ ಯಾರನ್ನೂ ಕಟ್ಟಿಹಾಕಲಾರದು. ಆಮೇಲಿನ ತಪಸ್ಸುಕಾಲದ ಉಪವಾಸಗಳೂ, ಶುಭಶುಕ್ರವಾರದ ಶಿಲುಬೆಯ ಹಾದಿಯೂ, ಬರಡು ನೆಲದಲ್ಲಿ ಮಳೆಗಾಗಿ ಮಾಡಿದ ಪ್ರಾರ್ಥನೆಗಳೂ ಅವರವೇ. ದುಬಾಯ್ ಅವರು ಬದುಕಿದ್ದರೆ ತಮ್ಮ ಕಟ್ಟುನಿಟ್ಟಾದ ಲೆಕ್ಕದಲ್ಲಿ ಈ ಅನಾಥರನ್ನೂ ತಿರುಕರ ಸಾಲಿಗೆ ಸೇರಿಸಿ ಬರೆಯುತ್ತಿದ್ದರೇನೋ. ಆ ಸಾಲಿನವರೇ ನೂರನಲವತ್ತು ವರ್ಷಗಳಿಗೂ ಹೆಚ್ಚು ಕಾಲ, ಶಿಲುಬೆಯ ಹೆಸರನ್ನು ಹೊತ್ತ ಸಿಲ್ವೇಪುರವನ್ನು ಉಳಿಸಿಕೊಂಡು ಬಂದಿದ್ದಾರೆ.